ಲೀವಿ ಹೋದರು, ಮಾಲೀಕರು ಉಳಿದರು

2025ರ ಸೆಪ್ಟೆಂಬರ್ 4, ಗುರುವಾರ. ಇಂಗ್ಲೆಂಡಿನ ಕ್ಲಬ್ ಫುಟ್‌ಬಾಲ್‌ಗೆ ಆ ವಾರ ಬಿಡುವು. ಆಟಗಾರರು ತಂತಮ್ಮ ದೇಶದ ತಂಡಗಳಿಗೆ ಆಡಲು ಹೊರಟಿದ್ದರು. ವರ್ಗಾವಣೆ ಅವಧಿ ಮುಗಿದು ಮೂರು ದಿನ ಕಳೆದಿತ್ತು. ಅಂದು ಸಂಜೆ ಉತ್ತರ ಲಂಡನ್ನಿನ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಕ್ಲಬ್ ಪ್ರಕಟಣೆಯೊಂದನ್ನು ಹೊರಡಿಸಿತು: ಕಾರ್ಯನಿರ್ವಾಹಕ ಅಧ್ಯಕ್ಷ ಡೇನಿಯಲ್ ಲೀವಿ ಸುಮಾರು 25 ವರ್ಷಗಳ ನಂತರ ಹುದ್ದೆಯಿಂದ ಕೆಳಗಿಳಿಯುತ್ತಿದ್ದಾರೆ.

ಆ ಕ್ಲಬ್‌ನ ಅಭಿಮಾನಿಗಳು ವರ್ಷಗಟ್ಟಲೆ ಗ್ಯಾಲರಿಯಲ್ಲಿ ನಿಂತು ಒಕ್ಕೊರಲಿನಿಂದ ಕೇಳಿದ್ದು ಇದನ್ನೇ. ಗೆದ್ದಾಗಲೂ ಕೇಳಿದರು, ಸೋತಾಗಲಂತೂ ಗಂಟಲು ಕಟ್ಟುವವರೆಗೆ ಕೂಗಿದರು. ಕ್ರೀಡಾಂಗಣದ ಹೊರಗೆ ಮೆರವಣಿಗೆ ಮಾಡಿದರು, ಬಟ್ಟೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ಹಿಡಿದರು. ಆದರೂ ಸುದ್ದಿ ಬಂದಾಗ ಬಹಳಷ್ಟು ಜನ ಅದನ್ನು ನಂಬಲಿಲ್ಲ. ಪ್ರೀಮಿಯರ್ ಲೀಗ್‌ನಲ್ಲಿ ಅವರಷ್ಟು ದೀರ್ಘ ಕಾಲ ಹುದ್ದೆಯಲ್ಲಿದ್ದ ಅಧ್ಯಕ್ಷ ಆಗ ಬೇರೊಬ್ಬರಿರಲಿಲ್ಲ. ಮೂವತ್ತರ ಒಳಗಿನ ಅಭಿಮಾನಿಗಳಿಗೆ ಲೀವಿ ಇಲ್ಲದ ಟಾಟನ್‌ಹ್ಯಾಮ್ ಹೇಗಿತ್ತೆಂದೇ ಗೊತ್ತಿರಲಿಲ್ಲ.

ಕೆಲವರು ಸಂಭ್ರಮಿಸಿದರು, ಕೆಲವರು ಮನಸಾರೆ ಧನ್ಯವಾದ ಹೇಳಿದರು. ಇನ್ನು ಕೆಲವರು ಎರಡನ್ನೂ ಮಾಡಿದರು, ಆಮೇಲೆ ತಮ್ಮ ಮನಸ್ಸು ಹೀಗೇಕೆ ಇಬ್ಬಂದಿಯಾಗಿದೆ ಎಂದು ತಮ್ಮನ್ನೇ ಕೇಳಿಕೊಂಡರು. ಆ ಮೂರನೆಯ ಗುಂಪಿನವರ ಸ್ಥಿತಿಯೇ ನನಗೆ ಹೆಚ್ಚು ನಿಜ ಅನ್ನಿಸಿತು. ಒಬ್ಬ ಆಡಳಿತಗಾರ ಗೋಲು ಹೊಡೆಯುವುದಿಲ್ಲ, ಚೆಂಡು ತಡೆಯುವುದಿಲ್ಲ. ಆದರೂ ಅವನ ನಿರ್ಗಮನ ಸಾವಿರಾರು ಮನೆಗಳ ಊಟದ ಮೇಜಿನ ಮಾತಾಗಬೇಕಾದರೆ, ಆ ಕಾಲು ಶತಮಾನದಲ್ಲಿ ನಡೆದದ್ದೇನು ಎಂದು ನೋಡಲೇಬೇಕು.

ಕೇಂಬ್ರಿಜ್‌ನಲ್ಲಿ ಓದಿದ, ಎಳವೆಯಿಂದಲೂ ಇದೇ ತಂಡದ ಅಭಿಮಾನಿಯಾಗಿದ್ದ ಲೀವಿ 2001ರಲ್ಲಿ ಅಧ್ಯಕ್ಷರಾದರು. ಉದ್ಯಮಿ ಅಲನ್ ಶುಗರ್ ಅವರ ಕೈಯಲ್ಲಿದ್ದ ಕ್ಲಬ್ ಎನಿಕ್ ಎಂಬ ಹೂಡಿಕೆ ಕಂಪನಿಗೆ ಬಂದಿತ್ತು. ಎನಿಕ್ ಹಿಂದಿದ್ದವರು ಲಂಡನ್ನಿನ ಈಸ್ಟ್ ಎಂಡ್‌ನಲ್ಲಿ ಹುಟ್ಟಿ, ವಿದೇಶಿ ವಿನಿಮಯದ ವಹಿವಾಟಿನಲ್ಲಿ ಸಿರಿವಂತರಾಗಿ, ಬಹಾಮಾಸ್‌ನಲ್ಲಿ ನೆಲೆಸಿದ ಜೋ ಲೂಯಿಸ್. ಹಣ ಲೂಯಿಸ್ ಅವರದು, ದಿನನಿತ್ಯದ ನಿರ್ಧಾರ ಲೀವಿಯವರದು.

ಆಗ ಕ್ಲಬ್‌ನ ಸ್ಥಿತಿ ಹೇಗಿತ್ತೆಂದು ನೆನಪಿಸಿಕೊಳ್ಳಬೇಕು. 1882ರಲ್ಲಿ ಹುಟ್ಟಿದ ಸಂಸ್ಥೆ ಇದು. ಬಿಲ್ ನಿಕೋಲ್ಸನ್ ಮಾರ್ಗದರ್ಶನದಲ್ಲಿ 1961ರಲ್ಲಿ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಒಂದೇ ವರ್ಷ ಗೆದ್ದ ತಂಡ. 1963ರಲ್ಲಿ ಯುರೋಪಿನ ಪ್ರಮುಖ ಟ್ರೋಫಿಯೊಂದನ್ನು ಗೆದ್ದ ಮೊದಲ ಬ್ರಿಟಿಷ್ ಕ್ಲಬ್ ಕೂಡ ಇದೇ. ಗೆಲುವಿಗಿಂತ ಗೆಲ್ಲುವ ಸೊಗಸು ದೊಡ್ಡದು ಎಂಬ ನಂಬಿಕೆ ಇಲ್ಲಿ ತಂದೆಯಿಂದ ಮಗನಿಗೆ, ಅಜ್ಜಿಯಿಂದ ಮೊಮ್ಮಗಳಿಗೆ ಬರುತ್ತದೆ. ಅಂಥ ಕ್ಲಬ್ 1991ರಲ್ಲಿ ಸಾಲದಲ್ಲಿ ಮುಳುಗುವ ಹಂತ ತಲುಪಿತ್ತು. 1998ರಲ್ಲಿ ಕೆಳಗಿನ ದರ್ಜೆಗೆ ಜಾರುವ ಅಪಾಯದಿಂದ ಪಾರಾದದ್ದು ಯೂರ್ಗೆನ್ ಕ್ಲಿನ್ಸ್‌ಮನ್ ಮರಳಿ ಬಂದು ವಿಂಬಲ್ಡನ್ ವಿರುದ್ಧ ನಾಲ್ಕು ಗೋಲು ಹೊಡೆದಾಗ. ಆ ದಿನಗಳನ್ನು ಕಂಡವರಿಗೆ ಲೀವಿ ಕಾಲದ ಸ್ಥಿರತೆ ಸಣ್ಣದಲ್ಲ. ಹ್ಯಾರಿ ಕೇನ್ ಆಟ ನೋಡುತ್ತ ಬೆಳೆದವರಿಗೆ ಅದೇ ಸ್ಥಿರತೆ ಉಸಿರುಗಟ್ಟಿಸುವಂಥದ್ದು. ಲೀವಿ ಒಳ್ಳೆಯವರೋ ಕೆಟ್ಟವರೋ ಎಂಬ ಜಗಳದಲ್ಲಿ ಅರ್ಧ ಪಾಲು, ನೀವು ಯಾವ ವರ್ಷ ಈ ತಂಡದ ಹಿಂದೆ ಬಂದಿರಿ ಎಂಬುದರಲ್ಲೇ ಇದೆ.

ಲೀವಿ ಬಂದ ಮೊದಲ ಬೇಸಿಗೆಯಲ್ಲೇ ನಾಯಕ ಸೋಲ್ ಕ್ಯಾಂಪ್‌ಬೆಲ್ ಒಪ್ಪಂದ ಮುಗಿಸಿಕೊಂಡು, ಒಂದು ಪೌಂಡ್ ವರ್ಗಾವಣೆ ಹಣವೂ ಇಲ್ಲದೆ, ನೇರವಾಗಿ ಬದ್ಧ ಎದುರಾಳಿ ಆರ್ಸೆನಲ್‌ಗೆ ಹೋದರು. ಆ ಗಾಯ ಇಂದಿಗೂ ಮಾಗಿಲ್ಲ. ಮುಂದೆ ಲೀವಿ ಯಾವ ಆಟಗಾರನನ್ನೂ ಅಗ್ಗಕ್ಕೆ ಬಿಟ್ಟುಕೊಡದ ಹಟ ಹಿಡಿದದ್ದಕ್ಕೆ ಆ ಬೇಸಿಗೆಯೂ ಒಂದು ಕಾರಣವಿರಬೇಕು ಎಂದು ನನಗೆ ಅನ್ನಿಸುತ್ತದೆ.

ಚೌಕಾಸಿಯಲ್ಲಿ ಅವರನ್ನು ಮೀರಿಸುವವರು ಕಡಿಮೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ಅಲೆಕ್ಸ್ ಫರ್ಗುಸನ್, ಟಾಟನ್‌ಹ್ಯಾಮ್ ಆಟಗಾರ ಬರ್ಬಟೋವ್‌ಗಾಗಿ ಲೀವಿ ಜೊತೆ ನಡೆಸಿದ ಮಾತುಕತೆ ತಮ್ಮ ಸೊಂಟದ ಶಸ್ತ್ರಚಿಕಿತ್ಸೆಗಿಂತ ಹೆಚ್ಚು ನೋವು ಕೊಟ್ಟಿತೆಂದು ಬರೆದುಕೊಂಡರು. 2011ರಲ್ಲಿ ಚೆಲ್ಸಿ ಎಷ್ಟು ಬೆನ್ನುಹತ್ತಿದರೂ ಲೂಕಾ ಮೋಡ್ರಿಚ್‌ನನ್ನು ಬಿಡಲಿಲ್ಲ. ಮರುವರ್ಷ ರಿಯಲ್ ಮ್ಯಾಡ್ರಿಡ್‌ಗೆ ಮಾರಿದರು. 2013ರಲ್ಲಿ ಗ್ಯಾರೆತ್ ಬೇಲ್ ಸುಮಾರು 8.5 ಕೋಟಿ ಪೌಂಡ್‌ಗೆ ಅದೇ ಕ್ಲಬ್‌ಗೆ ಹೋದಾಗ ಅದು ವಿಶ್ವದಾಖಲೆ. 2010ರಲ್ಲಿ ರಫಾಯೆಲ್ ವಾನ್ ಡರ್ ವಾರ್ಟ್ ವರ್ಗಾವಣೆ ಅವಧಿಯ ಕೊನೆಯ ಗಂಟೆಗಳಲ್ಲಿ ಕಡಿಮೆ ಬೆಲೆಗೆ ಸಿಕ್ಕಾಗ ಅಭಿಮಾನಿಗಳು ಕುಣಿದರು. ಎರಡು ವರ್ಷದ ನಂತರ ಅದೇ ಕೊನೆಯ ಗಂಟೆಯ ಆಟದಲ್ಲಿ ಪೋರ್ಚುಗಲ್‌ನ ಜುವಾವ್ ಮೊಟಿನ್ಯೊ ಕೈತಪ್ಪಿದರು. ಕಾಯುವುದರಿಂದ ಬೆಲೆ ಇಳಿಯುತ್ತದೆ, ನಿಜ. ಆದರೆ ಆಟಗಾರ ಕಾಯುವುದಿಲ್ಲ, ಕೋಚ್ ಕಾಯುವುದಿಲ್ಲ, ಋತು ಕಾಯುವುದಿಲ್ಲ. ಲೀವಿ ಮೇಲಿನ ದೂರಿನ ತಿರುಳು ಇಲ್ಲಿದೆ.

ಕಟ್ಟಿದ್ದು

ಅವರು ಕಟ್ಟಿದ್ದನ್ನು ಮೊದಲು ಹೇಳಿಬಿಡಬೇಕು, ಏಕೆಂದರೆ ಅದು ಕಣ್ಣೆದುರು ನಿಂತಿದೆ. ವೈಟ್ ಹಾರ್ಟ್ ಲೇನ್ ಎಂಬ ಹಳೆಯ ಮೈದಾನದಲ್ಲಿ ಸುಮಾರು 36,000 ಜನ ಕೂರಬಹುದಿತ್ತು. ಮೈದಾನಕ್ಕೆ ತೀರಾ ಹತ್ತಿರದ ಆಸನಗಳು, ಕಿವಿಗಡಚಿಕ್ಕುವ ಸದ್ದು, ಸುತ್ತಲೂ ಸಣ್ಣ ಮನೆ, ಅಂಗಡಿ, ಕಾರ್ಖಾನೆ. ಪ್ರೀತಿಗೇನೂ ಕೊರತೆಯಿರಲಿಲ್ಲ, ಆದರೆ ಆದಾಯದಲ್ಲಿ ಆರ್ಸೆನಲ್ ಬಹಳ ಮುಂದೆ ಹೋಗಿತ್ತು. ದಾರಿ ಹುಡುಕುತ್ತ ಲೀವಿ ಒಮ್ಮೆ ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್‌ನಲ್ಲಿ ಏಳುತ್ತಿದ್ದ ಒಲಿಂಪಿಕ್ ಕ್ರೀಡಾಂಗಣದ ಮೇಲೂ ಕಣ್ಣು ಹಾಕಿದರು. ಅಭಿಮಾನಿಗಳು ಒಪ್ಪಲಿಲ್ಲ. ತಮ್ಮ ಬಡಾವಣೆಯ ಅಂಚೆ ಸಂಕೇತವಾದ ಎನ್ 17 ಅನ್ನೇ ಘೋಷಣೆ ಮಾಡಿಕೊಂಡು, ನಾವು ಇಲ್ಲಿಯವರು, ಇಲ್ಲೇ ಇರುತ್ತೇವೆ ಎಂದರು. ಕೊನೆಗೆ ಒಲಿಂಪಿಕ್ ಕ್ರೀಡಾಂಗಣ ವೆಸ್ಟ್ ಹ್ಯಾಮ್ ಪಾಲಾಯಿತು.

ಟಾಟನ್‌ಹ್ಯಾಮ್ ಲಂಡನ್ನಿನ ಬಡ ಬಡಾವಣೆಗಳಲ್ಲಿ ಒಂದು. 2011ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಹಲವು ನಗರಗಳಿಗೆ ಹಬ್ಬಿದ ಗಲಭೆ ಶುರುವಾದದ್ದು ಇಲ್ಲಿಂದಲೇ. ಅಲ್ಲಿಯೇ ಹೊಸ ಕ್ರೀಡಾಂಗಣ ಕಟ್ಟಲು ಜಾಗದ ತಕರಾರು, ಕೋರ್ಟು, ಬ್ಯಾಂಕ್ ಸಾಲ ಎಲ್ಲವನ್ನೂ ದಾಟಬೇಕಾಯಿತು. 2017ರ ಮೇ 14ರಂದು ಹಳೆಯ ಮೈದಾನದಲ್ಲಿ ಕೊನೆಯ ಪಂದ್ಯ ನಡೆಯಿತು. ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 2-1ರ ಗೆಲುವು. ಹೊಸದು ತೆರೆದದ್ದು ಹೇಳಿದ್ದಕ್ಕಿಂತ ತಿಂಗಳುಗಟ್ಟಲೆ ತಡವಾಗಿ, 2019ರ ಏಪ್ರಿಲ್ 3ರಂದು. ಮೊದಲ ಗೋಲು ಕೊರಿಯಾದ ಸೊನ್ ಹ್ಯುಂಗ್-ಮಿನ್ ಅವರದು.

62,850 ಆಸನಗಳ ಈ ಕ್ರೀಡಾಂಗಣಕ್ಕೆ ಸುಮಾರು 100 ಕೋಟಿ ಪೌಂಡ್ ಖರ್ಚಾಯಿತು. ದಕ್ಷಿಣ ದಿಕ್ಕಿನ ಒಂದೇ ಗ್ಯಾಲರಿಯಲ್ಲಿ 17,500 ಜನ ಕೂರುತ್ತಾರೆ. ನಡುವೆ ಮಹಡಿಯ ತಡೆಯಿಲ್ಲದೆ ಆ ಜನಸಾಗರ ಗೋಲಿನ ಹಿಂದೆ ಗೋಡೆಯ ಹಾಗೆ ಏಳುತ್ತದೆ. ಹುಲ್ಲಿನ ಮೈದಾನ ಮೂರು ಭಾಗವಾಗಿ ಜಾರಿ ಗ್ಯಾಲರಿಯ ಅಡಿಗೆ ಸರಿದರೆ ಕೆಳಗೆ ಅಮೆರಿಕನ್ ಫುಟ್‌ಬಾಲ್‌ಗೆಂದೇ ಮಾಡಿದ ಕೃತಕ ನೆಲ ಕಾಣುತ್ತದೆ. ಬಾಕ್ಸಿಂಗ್ ನಡೆಯುತ್ತದೆ, 2023ರಲ್ಲಿ ಬಿಯಾನ್ಸೆ ಐದು ರಾತ್ರಿ ಹಾಡಿದರು. ಲೀವಿ ಬಂದಾಗ ವರ್ಷಕ್ಕೆ 5 ಕೋಟಿ ಪೌಂಡ್ ಆಸುಪಾಸಿನಲ್ಲಿದ್ದ ಕ್ಲಬ್ ಆದಾಯ 2022-23ರಲ್ಲಿ ಸುಮಾರು 55 ಕೋಟಿ ಪೌಂಡ್ ಮುಟ್ಟಿತ್ತು. ಎನ್‌ಫೀಲ್ಡ್‌ನಲ್ಲಿ 2012ರಲ್ಲಿ ತೆರೆದ ತರಬೇತಿ ಕೇಂದ್ರ ಯುರೋಪಿನ ಅತ್ಯುತ್ತಮ ಕೇಂದ್ರಗಳ ಸಾಲಿನಲ್ಲಿದೆ. ಲೀವಿಯನ್ನು ಬಯ್ಯುವವರೂ ಸಹ ಬಯ್ಯಲು ಕೂರುವುದು ಅವರೇ ಕಟ್ಟಿಸಿದ ಜಾಗದಲ್ಲಿ, ಮತ್ತು ಅದನ್ನು ಅವರು ಒಪ್ಪಿಕೊಳ್ಳುತ್ತಾರೆ.

ಕಾಯಿಸಿದ್ದು

ಹಾಗಾದರೆ ಸಿಟ್ಟು ಯಾವುದರ ಮೇಲೆ? ಭವ್ಯವಾದ ಮನೆ ಕಟ್ಟಿಸಿ, ಗೃಹಪ್ರವೇಶಕ್ಕೆ ಊರನ್ನೆಲ್ಲ ಕರೆದು, ಒಲೆ ಹಚ್ಚುವುದನ್ನೇ ಮುಂದೂಡಿದ ಯಜಮಾನನ ಮೇಲಿನ ಸಿಟ್ಟು ಅದು.

2018-19ರ ಋತುವನ್ನೇ ನೋಡಿ. ಕೋಚ್ ಮಾರಿಸಿಯೊ ಪೊಚೆಟಿನೊ ಕಟ್ಟಿದ ತಂಡ ಅದಾಗಲೇ ಲೀಗ್‌ನ ಮೇಲಿನ ಸ್ಥಾನಗಳಿಗೆ ಪೈಪೋಟಿ ನಡೆಸುತ್ತಿತ್ತು. ಇನ್ನಿಬ್ಬರು ಮೂವರು ಒಳ್ಳೆಯ ಆಟಗಾರರು ಸಿಕ್ಕಿದ್ದರೆ ಎಂದು ಎಲ್ಲರೂ ಹೇಳುತ್ತಿದ್ದ ಹೊತ್ತಿನಲ್ಲಿ, 2018ರ ಬೇಸಿಗೆಯಲ್ಲಿ ಕ್ಲಬ್ ಒಬ್ಬನೇ ಒಬ್ಬನನ್ನೂ ಕೊಳ್ಳಲಿಲ್ಲ. ಇಂದಿನ ವರ್ಗಾವಣೆ ಪದ್ಧತಿ 2003ರಲ್ಲಿ ಬಂದ ಮೇಲೆ ಪ್ರೀಮಿಯರ್ ಲೀಗ್‌ನಲ್ಲಿ ಹಾಗೆ ಇಡೀ ಬೇಸಿಗೆ ಬರಿಗೈಯಲ್ಲಿ ಕಳೆದ ಮೊದಲ ಕ್ಲಬ್ ಅದು. ಜನವರಿಯಲ್ಲೂ ಯಾರೂ ಬರಲಿಲ್ಲ. ಹಣವೆಲ್ಲ ಕ್ರೀಡಾಂಗಣಕ್ಕೆ ಹೋಗುತ್ತಿತ್ತು.

ಅದೇ ಋತುವಿನಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್. ಅಯಾಕ್ಸ್ ತಂಡಕ್ಕೆ ತವರಿನಲ್ಲಿ 1-0ಯಿಂದ ಸೋತು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಿರಾಮದ ಹೊತ್ತಿಗೆ ಮತ್ತೆ 2-0 ಹಿಂದೆ. ಗಾಯಗೊಂಡ ಕೇನ್ ಮೈದಾನದಲ್ಲಿರಲಿಲ್ಲ. ಅಲ್ಲಿಂದ ಲೂಕಸ್ ಮೌರ ಒಬ್ಬರೇ ಮೂರು ಗೋಲು ಹೊಡೆದರು, ಮೂರನೆಯದು 96ನೇ ನಿಮಿಷದಲ್ಲಿ. ಪೊಚೆಟಿನೊ ಮೈದಾನದಲ್ಲಿ ಕುಸಿದು ಕೂತು ಅತ್ತರು. ಈ ಲೂಕಸ್ ಮೌರ ಯಾರು? 2018ರ ಜನವರಿಯಲ್ಲಿ ಬಂದವರು, ಆ ಬರಗಾಲಕ್ಕೆ ಮುಂಚೆ ಕ್ಲಬ್ ಕೊಂಡ ಕೊನೆಯ ಆಟಗಾರ. ಮ್ಯಾಡ್ರಿಡ್‌ನ ಫೈನಲ್‌ನಲ್ಲಿ ಲಿವರ್‌ಪೂಲ್ 2-0ಯಿಂದ ಗೆದ್ದಿತು. ಆರು ತಿಂಗಳಾಗುವಷ್ಟರಲ್ಲಿ, ನವೆಂಬರ್ 19ರಂದು, ಪೊಚೆಟಿನೊ ಅವರನ್ನು ತೆಗೆದುಹಾಕಲಾಯಿತು. ಸೋಲು ಗೆಲುವು ಆಟದಲ್ಲಿ ಇದ್ದದ್ದೇ; ಶಿಖರಕ್ಕೆ ಹತ್ತು ಹೆಜ್ಜೆ ಉಳಿದಿದ್ದಾಗ ಬುತ್ತಿ ಕಟ್ಟಿಕೊಡಲಿಲ್ಲವಲ್ಲ ಎಂಬ ಆ ಸಂಕಟ ಮಾತ್ರ ಇನ್ನೂ ಹಾಗೇ ಇದೆ. ಇದು ನ್ಯಾಯವಾದ ಸಂಕಟ ಎಂದು ನಾನು ಭಾವಿಸುತ್ತೇನೆ.

ಆಮೇಲೆ ಕೋಚ್ ಆಗಿ ಬಂದದ್ದು ಜೋಸ್ ಮೊರಿನ್ಯೊ. 2021ರ ಏಪ್ರಿಲ್ 18ರಂದು ಯುರೋಪಿನ ಹನ್ನೆರಡು ಸಿರಿವಂತ ಕ್ಲಬ್‌ಗಳು ತಮ್ಮದೇ ಸೂಪರ್ ಲೀಗ್ ಘೋಷಿಸಿದವು, ಅದರಲ್ಲಿ ಟಾಟನ್‌ಹ್ಯಾಮ್ ಕೂಡ ಒಂದು. ಗೆದ್ದು ಅರ್ಹತೆ ಪಡೆಯುವ ಅಗತ್ಯವಿಲ್ಲದ, ಸ್ಥಾಪಕರಿಗೆ ಜಾಗ ಖಾತ್ರಿಯಾದ ಲೀಗ್. ಮರುದಿನವೇ ಮೊರಿನ್ಯೊ ಅವರನ್ನು ವಜಾ ಮಾಡಲಾಯಿತು, ಲೀಗ್ ಕಪ್ ಫೈನಲ್‌ಗೆ ಆರೇ ದಿನ ಇರುವಾಗ. 29 ವರ್ಷದ ರಯಾನ್ ಮೇಸನ್ ಹಂಗಾಮಿ ಕೋಚ್ ಆಗಿ ವೆಂಬ್ಲಿಗೆ ತಂಡವನ್ನು ಕರೆದೊಯ್ದರು. ಮ್ಯಾಂಚೆಸ್ಟರ್ ಸಿಟಿ 1-0ಯಿಂದ ಗೆದ್ದಿತು. ಸೂಪರ್ ಲೀಗ್ ಕಥೆ ಎರಡೇ ದಿನದಲ್ಲಿ ಮುಗಿಯಿತು, ಬೀದಿಬೀದಿಯ ವಿರೋಧಕ್ಕೆ ಅದರಲ್ಲಿದ್ದ ಇಂಗ್ಲೆಂಡಿನ ಆರೂ ಕ್ಲಬ್‌ಗಳು ಹಿಂದೆ ಸರಿದವು. ಆದರೆ ತಮ್ಮನ್ನು ಒಂದು ಮಾತೂ ಕೇಳದೆ ತಮ್ಮ ಕ್ಲಬ್ಬನ್ನು ಬೇರೆಲ್ಲಿಗೋ ಕೊಂಡೊಯ್ಯಲು ಹೊರಟಿದ್ದರು ಎಂಬುದನ್ನು ಅಭಿಮಾನಿಗಳು ಮರೆಯಲಿಲ್ಲ.

ಅದಕ್ಕೂ ಒಂದು ವರ್ಷ ಮೊದಲು, ಕೋವಿಡ್‌ನ ಆರಂಭದಲ್ಲಿ, ಆಟಗಾರರಲ್ಲದ 550 ಸಿಬ್ಬಂದಿಯ ಸಂಬಳ ಶೇ 20ರಷ್ಟು ಕಡಿತ ಮಾಡಿ, ಸರ್ಕಾರದ ನೆರವಿನ ಯೋಜನೆ ಬಳಸಿಕೊಳ್ಳುವುದಾಗಿ ಕ್ಲಬ್ ಹೇಳಿತ್ತು. ಹಿಂದಿನ ವರ್ಷ ಲೀವಿ ಅವರಿಗೆ ಸಂಬಳ, ಬೋನಸ್ ಸೇರಿ 70 ಲಕ್ಷ ಪೌಂಡ್ ಸಂದಿದೆ, ಅದರಲ್ಲಿ 30 ಲಕ್ಷ ಕ್ರೀಡಾಂಗಣ ಮುಗಿಸಿದ್ದಕ್ಕೆ ಎಂಬ ಲೆಕ್ಕವೂ ಅದೇ ಸಮಯದಲ್ಲಿ ಹೊರಬಿತ್ತು. ಅಭಿಮಾನಿಗಳು ಸಿಡಿದೆದ್ದರು, ಎರಡು ವಾರದಲ್ಲಿ ಕ್ಲಬ್ ನಿರ್ಧಾರ ಹಿಂತೆಗೆದುಕೊಂಡಿತು. 2024ರಲ್ಲಿ ಸೀಸನ್ ಟಿಕೆಟ್ ದರ ಏರಿಸಿ, ಹಿರಿಯ ನಾಗರಿಕರ ರಿಯಾಯಿತಿಗೂ ಕತ್ತರಿ ಹಾಕಲು ಹೊರಟಾಗ ಮತ್ತೆ ಅದೇ ಪ್ರತಿಭಟನೆ. ಐವತ್ತು ಅರವತ್ತು ವರ್ಷದಿಂದ ಅದೇ ತಂಡದ ಆಟಕ್ಕೆ ಬರುತ್ತಿರುವ ಹಿರಿಯರಿಂದ ಇನ್ನಷ್ಟು ಪೌಂಡ್ ಹಿಂಡಬೇಕೆಂಬ ಯೋಚನೆ ನನಗಂತೂ ಕ್ಷಮಿಸಲು ಕಷ್ಟ.

ಕೇನ್ ವಿಷಯ ಬೇರೆಯೇ ಒಂದು ಅಧ್ಯಾಯ. ಈ ಕ್ಲಬ್‌ನಲ್ಲೇ ಬೆಳೆದ ಹುಡುಗ, ಜಿಮ್ಮಿ ಗ್ರೀವ್ಸ್ ಅವರ 266 ಗೋಲುಗಳ ದಾಖಲೆ ಮುರಿದು 280ಕ್ಕೆ ನಿಂತವರು. 2021ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಹೋಗಬಯಸಿದರು, ಲೀವಿ ಬಿಡಲಿಲ್ಲ. 2023ರಲ್ಲಿ ಬಯರ್ನ್ ಮ್ಯೂನಿಕ್ ಸೇರಿದರು. ಟಾಟನ್‌ಹ್ಯಾಮ್ ಅಂಗಿಯಲ್ಲಿ ಒಂದೂ ಟ್ರೋಫಿ ಎತ್ತದೆ ಹೋದರು.

2025ರ ಆರಂಭದ ಹೊತ್ತಿಗೆ ಲೆಕ್ಕ ಸ್ಪಷ್ಟವಿತ್ತು. ಪ್ರತಿಭಟನೆಯ ಬ್ಯಾನರ್‌ನಲ್ಲಿ ಅದನ್ನು ಬರೆದೂ ಇದ್ದರು: 24 ವರ್ಷ, 16 ಕೋಚ್‌ಗಳು, 1 ಟ್ರೋಫಿ. ಆ ಒಂದು ಟ್ರೋಫಿ 2008ರ ಲೀಗ್ ಕಪ್. ವೆಂಬ್ಲಿಯಲ್ಲಿ ಚೆಲ್ಸಿ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಜೊನಾಥನ್ ವುಡ್‌ಗೇಟ್ ಹೊಡೆದ ಗೋಲು ತಂದದ್ದು. ಎರಡನೆಯದು ಬಂದದ್ದು 2025ರ ಮೇ 21ರಂದು, ಸ್ಪೇನಿನ ಬಿಲ್ಬಾವೊದಲ್ಲಿ, ಯುರೋಪಾ ಲೀಗ್ ಫೈನಲ್‌ನಲ್ಲಿ. ಪಂದ್ಯ ಶುರುವಾದಾಗ ನಮ್ಮಲ್ಲಿ ಮಧ್ಯರಾತ್ರಿ ದಾಟಿ ಅರ್ಧ ಗಂಟೆ. ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಬ್ರೆನನ್ ಜಾನ್ಸನ್ ಅವರ ಒಂದೇ ಗೋಲು. ಚೆಂದದ ಆಟವಲ್ಲ, ಆದರೆ ಹದಿನೇಳು ವರ್ಷದ ಕಾಯುವಿಕೆ ಮುಗಿದಿತ್ತು. ಅದೇ ಋತುವಿನ ಲೀಗ್‌ನಲ್ಲಿ ತಂಡ 22 ಪಂದ್ಯ ಸೋತು 17ನೇ ಸ್ಥಾನದಲ್ಲಿತ್ತು, ಕೆಳಗೆ ಜಾರಿದ ಮೂರು ತಂಡಗಳಿಗಿಂತ ಒಂದೇ ಸ್ಥಾನ ಮೇಲೆ. ಟ್ರೋಫಿ ತಂದ ಕೋಚ್ ಏಂಜ್ ಪೋಸ್ಟೆಕೊಗ್ಲು 16 ದಿನದಲ್ಲಿ ಕೆಲಸ ಕಳೆದುಕೊಂಡರು. ನಂತರದ ಆಗಸ್ಟ್‌ನಲ್ಲಿ, ಬಂದೇಬಿಟ್ಟರು ಎಂದುಕೊಂಡಿದ್ದ ಎಬೆರೆಚಿ ಎಝೆ ಕೊನೆ ಗಳಿಗೆಯಲ್ಲಿ ಆರ್ಸೆನಲ್ ಪಾಲಾದರು. ಕ್ಯಾಂಪ್‌ಬೆಲ್ ಹೋದ ಬೇಸಿಗೆಯ ನೋವನ್ನು ಇದು ಕೆದಕಿತು.

ಕಳಿಸಿದವರು ಯಾರು?

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ಲೀವಿ ಅವರನ್ನು ಕಳಿಸಿದ್ದು ಅಭಿಮಾನಿಗಳ ಕೂಗಲ್ಲ. ಲೂಯಿಸ್ ಕುಟುಂಬದ ಹೊಸ ಪೀಳಿಗೆ ಬದಲಾವಣೆ ಬಯಸಿತು, ಹಾಗಾಗಿ ಅವರು ಹೋಗಬೇಕಾಯಿತು ಎಂದು ಬ್ರಿಟಿಷ್ ಮಾಧ್ಯಮಗಳು ವರದಿ ಮಾಡಿದವು. ಜೋ ಲೂಯಿಸ್ 2022ರಲ್ಲೇ ಕ್ಲಬ್ ಮೇಲಿನ ಹಿಡಿತವನ್ನು ಕುಟುಂಬದ ಟ್ರಸ್ಟ್‌ಗೆ ಬಿಟ್ಟುಕೊಟ್ಟಿದ್ದರು. ಆರ್ಸೆನಲ್‌ನಲ್ಲಿ ಹೆಸರು ಮಾಡಿದ ವಿನಯ್ ವೆಂಕಟೇಶಂ ಆ ಬೇಸಿಗೆಯಲ್ಲಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಯಾಗಿ ಬಂದಿದ್ದರು. ಪೀಟರ್ ಚಾರಿಂಗ್ಟನ್ ಅವರಿಗೆ ಅಧ್ಯಕ್ಷಗಿರಿ ಹೋಯಿತು. ನಾಲ್ಕು ಗೋಡೆಯೊಳಗೆ ಕೆಲವೇ ಜನ ಕೂತು ತೆಗೆದುಕೊಂಡ ನಿರ್ಧಾರ. 2001ರಲ್ಲಿ ಲೀವಿ ಅವರನ್ನು ತಂದದ್ದೂ ಹೀಗೆಯೇ.

ಹಾಗಾಗಿಯೇ ಅಂದಿನ ಸಂಭ್ರಮದಲ್ಲಿ ಒಂದು ಟೊಳ್ಳು ಇತ್ತು, ಅದನ್ನು ಮೊದಲು ಗುರುತಿಸಿದವರೂ ಅಭಿಮಾನಿಗಳೇ. ಮುಂದೇನು, ಕ್ಲಬ್ ಮಾರುತ್ತಾರಾ, ಯಾರಿಗೆ ಮಾರುತ್ತಾರೆ ಎಂಬ ಪ್ರಶ್ನೆ ಆ ರಾತ್ರಿಯೇ ಎದ್ದಿತು. ಕೆಲವೇ ದಿನಗಳಲ್ಲಿ ಎರಡು ಕಡೆಯಿಂದ ಖರೀದಿಯ ಆಸಕ್ತಿ ಬಂದಿದೆ, ತಿರಸ್ಕರಿಸಿದ್ದೇವೆ, ಕ್ಲಬ್ ಮಾರಾಟಕ್ಕಿಲ್ಲ ಎಂದು ಕ್ಲಬ್ ಹೇಳಿತು. ಅಕ್ಟೋಬರ್‌ನಲ್ಲಿ ಎನಿಕ್ 10 ಕೋಟಿ ಪೌಂಡ್ ಹೊಸದಾಗಿ ಹೂಡಿತು. ಆ ಹಣ ಮೊದಲೇ ಏಕೆ ಬರಲಿಲ್ಲ ಎಂದು ಕೇಳುವ ಹಕ್ಕು ಅಭಿಮಾನಿಗಳಿಗಿದೆ. ಇಷ್ಟು ವರ್ಷ ಎಲ್ಲ ಬೈಗುಳ ಒಬ್ಬ ಲೀವಿ ತಲೆಗೆ ಬಿತ್ತು. ಹಣದ ಚೀಲ ಹಿಡಿದಿದ್ದವರ ಹೆಸರು ಗ್ಯಾಲರಿಯಲ್ಲಿ ಕೇಳಿಬಂದದ್ದು ಅಪರೂಪ.

ನಾಲ್ಕೈದು ಮೈಲಿ ದೂರದ ಆರ್ಸೆನಲ್‌ನಲ್ಲಿ 2007ರ ಏಪ್ರಿಲ್‌ನಲ್ಲಿ ಆಡಳಿತಗಾರ ಡೇವಿಡ್ ಡೀನ್ ಹೀಗೆಯೇ ಹೊರಬಿದ್ದಿದ್ದರು, ನಿರ್ದೇಶಕರ ಜೊತೆಗಿನ ಭಿನ್ನಾಭಿಪ್ರಾಯದಿಂದ. ಕೋಚ್ ಆರ್ಸೆನ್ ವೆಂಗರ್ ಅವರನ್ನು ಕ್ಲಬ್‌ಗೆ ತಂದ ಡೀನ್‌ಗಾಗಿ ಅಲ್ಲಿನ ಜನ ನೊಂದುಕೊಂಡರು. ಅದೇ ಬೇಸಿಗೆಯಲ್ಲಿ ಬಾರ್ಸಿಲೋನಾಕ್ಕೆ ಹೊರಟ ತಿಯರಿ ಆನ್ರಿ, ಡೀನ್ ನಿರ್ಗಮನವೂ ತಮ್ಮ ನಿರ್ಧಾರಕ್ಕೆ ಒಂದು ಕಾರಣ ಎಂದರು. ಅಲ್ಲಿ ಅಳು, ಇಲ್ಲಿ ಹರ್ಷ. ಎರಡೂ ಕಡೆ ಅಭಿಮಾನಿಗಳಿಗೆ ಸುದ್ದಿ ತಲುಪಿದ್ದು ಎಲ್ಲ ಮುಗಿದ ಮೇಲೆ.

ಬೇರೆ ದಾರಿ ಇಲ್ಲವೆಂದಲ್ಲ. ಕೇನ್ ಸೇರಿದ ಬಯರ್ನ್ ಮ್ಯೂನಿಕ್‌ನ ಶೇ 75ರಷ್ಟು ಪಾಲು ಸದಸ್ಯರ ಸಂಘದ ಕೈಯಲ್ಲಿದೆ. ಜರ್ಮನಿಯ ನಿಯಮದ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ಕ್ಲಬ್‌ನ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರದೇ ಆಗಿರಬೇಕು. ಅಲ್ಲಿಯೂ ತಪ್ಪು ನಿರ್ಧಾರಗಳಾಗುತ್ತವೆ, ಆದರೆ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳುವವನಿಗೆ ಓಟು ಇರುತ್ತದೆ. ಇಂಗ್ಲೆಂಡಿನಲ್ಲಿ 2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆಗೆ ರಾಜಮುದ್ರೆ ಬಿತ್ತು. ಅದರ ಪ್ರಕಾರ ಸ್ವತಂತ್ರ ನಿಯಂತ್ರಕರಿರುತ್ತಾರೆ. ಲಾಂಛನ, ಬಣ್ಣ, ಮೈದಾನದ ಸ್ಥಳ, ಟಿಕೆಟ್ ದರದಂಥ ವಿಷಯಗಳಲ್ಲಿ ಕ್ಲಬ್‌ಗಳು ಅಭಿಮಾನಿಗಳ ಮಾತು ಕೇಳಬೇಕಾಗುತ್ತದೆ. ಸೂಪರ್ ಲೀಗ್‌ನಂಥ ಒಡಕು ಲೀಗ್‌ಗಳ ಬಾಗಿಲೂ ಮುಚ್ಚುತ್ತದೆ. ಇದು ದೊಡ್ಡ ಹೆಜ್ಜೆ. ಆದರೂ ಮಾತು ಕೇಳುವುದೇ ಬೇರೆ, ಮಾತಿಗೆ ತಲೆಬಾಗುವುದೇ ಬೇರೆ.

ಲೀವಿ ಹೋದ ನಂತರದ ಮೊದಲ ಪಂದ್ಯದಲ್ಲಿ ಟಾಟನ್‌ಹ್ಯಾಮ್ ವೆಸ್ಟ್ ಹ್ಯಾಮ್ ಮೈದಾನದಲ್ಲಿ 3-0ಯಿಂದ ಗೆದ್ದಿತು. ಒಂದು ಕಾಲಕ್ಕೆ ಲೀವಿ ಬಯಸಿ ಅಭಿಮಾನಿಗಳು ಬೇಡವೆಂದ ಅದೇ ಒಲಿಂಪಿಕ್ ಕ್ರೀಡಾಂಗಣ ಅದು. ಅಂದು ಅವರು ಬೇಡ ಎನ್ನದಿದ್ದರೆ ಈಗಿನ ಕ್ರೀಡಾಂಗಣವೇ ಇರುತ್ತಿರಲಿಲ್ಲವೇನೋ. ಲೀವಿ ಅವರ ಅತಿದೊಡ್ಡ ಸಾಧನೆ ನಿಂತಿರುವುದು, ಅಭಿಮಾನಿಗಳು ಬಿಟ್ಟು ಹೋಗಲೊಪ್ಪದ ನೆಲದ ಮೇಲೆ. ಕ್ಲಬ್‌ಗೆ ಯಾವುದು ಒಳ್ಳೆಯದೆಂದು ಗ್ಯಾಲರಿಗೂ ಗೊತ್ತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಕ್ಲಬ್‌ನ ಶೇ 86ಕ್ಕೂ ಹೆಚ್ಚು ಪಾಲು ಎನಿಕ್ ಕೈಯಲ್ಲಿದೆ. ಆ ಎನಿಕ್‌ನಲ್ಲಿ ಸುಮಾರು ಶೇ 70 ಲೂಯಿಸ್ ಕುಟುಂಬದ ಟ್ರಸ್ಟ್‌ನದು; ಉಳಿದ ಶೇ 30ರಷ್ಟು ಪಾಲು ಲೀವಿ ಹುದ್ದೆ ಬಿಟ್ಟಾಗಲೂ ಅವರ ಕುಟುಂಬದ ಟ್ರಸ್ಟ್‌ನಲ್ಲೇ ಇತ್ತು. ಅಧ್ಯಕ್ಷರ ಕುರ್ಚಿಯ ಮೇಲಿನ ಹೆಸರು ಬದಲಾಗಿದೆ, ಅಷ್ಟೇ. ಆಡಳಿತ ಮಂಡಳಿಯಲ್ಲಿ ಮತದ ಹಕ್ಕಿರುವ ಒಂದು ಸ್ಥಾನ ತಮಗೆ ಸಿಗುವವರೆಗೆ ಟಾಟನ್‌ಹ್ಯಾಮ್ ಅಭಿಮಾನಿಗಳು ಕೂಗು ನಿಲ್ಲಿಸಬಾರದು.